ಹರಿದದ್ದು ಯಾವುದು?

ಇಂಗ್ಲಿಷಿನ ‘ರ‍್ಯಾಗೆಡ್’ ಎಂಬ ವಿಶೇಷಣ ಕಣ್ಣಿಗೆ ಬಿದ್ದೊಡನೆ ನಮ್ಮ ಭಾಷಾಂತರಕಾರರ ಲೇಖನಿ ‘ಹರಿದ’ ಎಂದು ಬರೆದು ಮುಂದಕ್ಕೆ ಓಡುತ್ತದೆ. ಹರಿದದ್ದು ಅಂಗಿಯಾದರೆ ಬಾಧಕವಿಲ್ಲ. ಆದರೆ ಇವರ ಬರಹದಲ್ಲಿ ಬಂಡೆಯ ಅಂಚೂ ಹರಿದಿರುತ್ತದೆ, ಮುದುಕನ ಗಡ್ಡವೂ ಹರಿದಿರುತ್ತದೆ, ಓಡಿಬಂದವನ ಉಸಿರೂ ಹರಿದಿರುತ್ತದೆ! ಕೇಳಿದರೆ, ಕನ್ನಡದಲ್ಲಿ ಬೇರೆ ಶಬ್ದವಿಲ್ಲವೆಂಬ ಉತ್ತರ ಸಿದ್ಧವಾಗಿದೆ. ಬಡತನ ಕನ್ನಡದ್ದಲ್ಲ, ನಿಘಂಟಿನ ಮೊದಲನೆಯ ಅರ್ಥಕ್ಕೇ ತೃಪ್ತರಾಗುವವರದು.

ಆ ಶಬ್ದ ಹುಟ್ಟಿನಿಂದ ಬಟ್ಟೆಗೆ ಸೇರಿದ್ದೂ ಅಲ್ಲ. ಹಳೆಯ ನಾರ್ಸ್ ಭಾಷೆಯ ಅದರ ಮೂಲರೂಪಕ್ಕೆ ಕುಚ್ಚುಕುಚ್ಚಾದ ಒರಟು ಕೂದಲಿನ ಅರ್ಥವಿದೆ. ಸಮವಿಲ್ಲದ ಅಂಚು, ಅಷ್ಟೇ ಅದರ ತಿರುಳು. ಬಲಗಡೆ ಸಮನಾಗಿ ನಿಲ್ಲದ ಅಚ್ಚಿನ ಸಾಲುಗಳಿಗೂ ಇಂಗ್ಲಿಷಿನವರು ಇದನ್ನೇ ಹೇಳುತ್ತಾರೆ. ನಮ್ಮಲ್ಲಿ ಗಡ್ಡ ಕೆದರುತ್ತದೆ, ಬಂಡೆ ಕೊರಕಲಾಗಿರುತ್ತದೆ, ಉಸಿರು ತಡೆತಡೆದು ಬರುತ್ತದೆ. ಉಸಿರಿನ ಮಾತಿನಲ್ಲಂತೂ ಅನರ್ಥವೇ ಆಗುತ್ತದೆ: ಕನ್ನಡದ ‘ಹರಿ’ ಧಾತುವಿಗೆ ಸೀಳುವುದೂ ಅರ್ಥ, ನೀರಿನಂತೆ ಪ್ರವಹಿಸುವುದೂ ಅರ್ಥ. ‘ಹರಿದ ಉಸಿರು’ ಎಂದರೆ ಸರಾಗವಾಗಿ ಸಾಗಿದ ಉಸಿರೆಂದು ಓದುಗ ತಿಳಿದರೆ ತಪ್ಪು ಅವನದಲ್ಲ.

ಇವು ಹೇಗೋ ನಗೆಯಲ್ಲಿ ಮುಗಿಯುತ್ತವೆ. ‘ರ‍್ಯಾಗೆಡ್ ಸ್ಕೂಲ್’ ಎಂಬುದನ್ನು ‘ಹರಕು ಶಾಲೆ’ ಎನ್ನುವುದು ಮಾತ್ರ ನಗುವ ವಿಷಯವಲ್ಲ. ಓದುಗ ಸೋರುವ ಮಾಡನ್ನು ಹುಡುಕುತ್ತಾನೆ. ಹರಿದಿದ್ದದ್ದು ಮಗುವಿನ ಬಟ್ಟೆ. ಆ ಬಟ್ಟೆ, ಆ ಕೊಳೆ ನೋಡಿ ಬೇರೆ ಶಾಲೆಗಳು ಹೊರಗಿಟ್ಟ ಲಂಡನ್ನಿನ ಬಡಮಕ್ಕಳಿಗಾಗಿ ನಡೆದ ಧರ್ಮಶಾಲೆಗಳವು. 1844ರಲ್ಲಿ ಅವುಗಳ ಒಕ್ಕೂಟವೇ ಆಯಿತು. ಹಿಂದಿನ ವರ್ಷ ಫೀಲ್ಡ್ ಲೇನ್‌ನಲ್ಲಿ ಅಂಥದೊಂದನ್ನು ಡಿಕನ್ಸ್ ಕಂಡುಬಂದ. ಅದೇ ಡಿಸೆಂಬರಿನಲ್ಲಿ ಅವನ ‘ಎ ಕ್ರಿಸ್‌ಮಸ್ ಕ್ಯಾರಲ್’ ಹೊರಬಿತ್ತು. ‘ಚಿಂದಿಯುಟ್ಟ ಮಕ್ಕಳ ಶಾಲೆ’ ಎಂದರೆ ಒಂದು ಪದ ಹೆಚ್ಚಾಗುತ್ತದೆ. ಆಗಲಿ, ಮಕ್ಕಳಾದರೂ ಉಳಿಯುತ್ತಾರೆ.

ಇನ್ನು ‘ಹರಕು’ ಎಂಬುದೇ ತಕ್ಕ ಮಾತಾಗಿರುವ ಕಡೆ ಇದೇ ಜನಕ್ಕೆ ಸಂಸ್ಕೃತ ನೆನಪಾಗುತ್ತದೆ. ರಾಬರ್ಟ್ ಟ್ರೆಸೆಲ್ಲನ ‘ದಿ ರ‍್ಯಾಗೆಡ್ ಟ್ರೌಸರ್ಡ್ ಫಿಲಾಂತ್ರಪಿಸ್ಟ್ಸ್’ ಕಾದಂಬರಿ ಅವನು ತೀರಿಕೊಂಡ ಮೇಲೆ, 1914ರಲ್ಲಿ ಅಚ್ಚಾಯಿತು. ಅದರಲ್ಲಿ ಮನೆಗಳಿಗೆ ಬಣ್ಣ ಬಳಿಯುವ ಕೂಲಿಗಳು ತಮ್ಮ ದುಡಿಮೆಯನ್ನು ಧಣಿಗಳಿಗೆ ದಾನ ಮಾಡುತ್ತಾರೆಂಬುದೇ ಹೆಸರಿನ ವ್ಯಂಗ್ಯ. ‘ಜೀರ್ಣವಸ್ತ್ರಧಾರಿ ಲೋಕೋಪಕಾರಿಗಳು’ ಎಂದರೆ ಆ ಕೂಲಿಗಳು ಮಠಕ್ಕೆ ಹೊರಟಂತಾಗುತ್ತದೆ. ‘ಹರಕು ಷರಾಯಿಯ ಧರ್ಮಪ್ರಭುಗಳು’ ಎನ್ನಲು ಏನಡ್ಡಿ?