ರೂಮ್ ಖಾಲಿ ಇದೆ, ಆದರೆ...

ಹೋದ ಜೂನ್‌ನಲ್ಲಿ ಆರ್‌ಪಿಸಿ ಲೇಔಟ್‌ನ ನಮ್ಮ ಮನೆಗೆ ಮೂರನೇ ರೂಮ್‌ಮೇಟ್ ಬೇಕಾಗಿತ್ತು. ಇಲ್ಲಿ ಹುಡುಗರಿಗೇನು ಬರವಿಲ್ಲ. ವಿಜಯನಗರ, ಅತ್ತಿಗುಪ್ಪೆ ಸುತ್ತಮುತ್ತ ಕೋಚಿಂಗ್ ಸೆಂಟರ್‌ಗಳು. ಕೆಎಎಸ್, ಪಿಎಸ್‌ಐ, ಪಿಡಿಒ ಅಂತ ಓದೋಕೆ ರಾಯಚೂರು, ಕಲಬುರಗಿ, ವಿಜಯಪುರದಿಂದ ಬ್ಯಾಗ್ ಹೊತ್ತು ಬರೋರು ದಿನಾ ಕಾಣ್ತಾರೆ.

ಒಬ್ಬ ಹುಡುಗ ಬಂದ. ಲಿಂಗಸುಗೂರು ಕಡೆಯವನು. ರೂಮ್ ನೋಡಿದ, ಬಾಡಿಗೆಗೂ ಒಪ್ಪಿದ. ಅಷ್ಟರಲ್ಲಿ ನನ್ನ ರೂಮ್‌ಮೇಟ್ ಕೇಳಿದ: "ಅಂದಹಾಗೆ, ನೀವು ಯಾವ ಜನ?"

ಹುಡುಗ ತಲೆ ತಗ್ಗಿಸಿದ. ನಾನು ಏನಾದ್ರೂ ಹೇಳಬಹುದಿತ್ತು, ಹೇಳಲಿಲ್ಲ. "ಸಂಜಿಗಿ ಫೋನ್ ಮಾಡ್ತೀನ್ರೀ ಅಣ್ಣ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಫೋನ್ ಬರಲಿಲ್ಲ.

ರಾತ್ರಿ ತಿಪಟೂರಿನಿಂದ ಅಪ್ಪ ಫೋನ್ ಮಾಡಿದಾಗ ಇದನ್ನು ಹೇಳಿದೆ. ಬೈಯಲಿಲ್ಲ. "ನಿಮ್ಮ ತಾತ ಮೊದಲ ಸಲ ಬೆಂಗಳೂರಿಗೆ ಬಂದಾಗ ಎಲ್ಲಿ ಮಲಗಿದ್ರು ಗೊತ್ತೇನೋ? ತೋಟದಪ್ಪನ ಛತ್ರದಲ್ಲಿ" ಅಂದ್ರು ಅಷ್ಟೇ.

ಮೆಜೆಸ್ಟಿಕ್ ರೈಲು ನಿಲ್ದಾಣದ ಹತ್ತಿರದ ಆ ಛತ್ರದ ಮುಂದೆ ನೂರು ಸಲ ಓಡಾಡಿದ್ದೇನೆ, ಕಟ್ಟಿಸಿದವರು ಯಾರು ಅಂತ ಯೋಚಿಸಿರಲಿಲ್ಲ. ಗುಬ್ಬಿ ತೋಟದಪ್ಪನವರೂ ವಲಸೆ ಬಂದವರೇ. ಗುಬ್ಬಿಯಿಂದ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಬೆಳೆದವರು. ಮಕ್ಕಳಿರಲಿಲ್ಲ. ದುಡಿದ ಹಣದಲ್ಲಿ ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ರೈಲಿಳಿದ ಯಾತ್ರಿಕನಿಗೆ ತಲೆಯ ಮೇಲೊಂದು ಸೂರು ಸಿಕ್ಕಿತು. ಓದಲು ಬಂದ ಲಿಂಗಾಯತ ಹುಡುಗರಿಗೆ ಉಚಿತ ಹಾಸ್ಟೆಲ್ ಕೂಡ ಅವರ ಧರ್ಮಸಂಸ್ಥೆಯಿಂದಲೇ ನಡೆಯಿತು. 1906ರಲ್ಲಿ ಶುರುವಾದ ಒಕ್ಕಲಿಗರ ಸಂಘವೂ ಹಳ್ಳಿ ಹುಡುಗರಿಗೆ ಹಾಸ್ಟೆಲ್ ನಡೆಸಿತು.

ಹಾಸ್ಟೆಲ್ಲೇ ಯಾಕೆ? ಆಗ ಕಾಲೇಜು ಅಂದ್ರೆ ಬೆಂಗಳೂರು, ಮೈಸೂರು. ಸರ್ಕಾರಿ ನೌಕರಿಗೆ ಓದು ಬೇಕು, ಓದಬೇಕಾದರೆ ಪೇಟೆಯಲ್ಲಿರಬೇಕು. ಫೀಸಿಗಿಂತ ಎರಡು ಹೊತ್ತಿನ ಊಟ, ಮಲಗೋ ಜಾಗವೇ ದೊಡ್ಡ ಚಿಂತೆ. ಹಾಸ್ಟೆಲ್ ಸಿಗದವರಿಗೆ ವಾರಾನ್ನ ಇತ್ತು: ವಾರಕ್ಕೆ ಏಳು ಮನೆ, ದಿನಕ್ಕೊಂದು ಮನೆಯಲ್ಲಿ ಊಟ. ಹಾಗೆ ಉಂಡು ಓದಿದವರು ಎಷ್ಟೋ ಜನ ಮುಂದೆ ಮೇಷ್ಟ್ರು, ವಕೀಲರು, ಅಧಿಕಾರಿಗಳಾದರು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಬಾಗಿಲುಗಳಲ್ಲಿ ಹೆಚ್ಚಿನವು ಆಯಾ ಜನಕ್ಕೆ ಮಾತ್ರ ತೆರೆದಿದ್ದವು. ವಾರಾನ್ನದ ಮನೆಯಲ್ಲೂ ಎಲೆ ಹಾಕುವ ಮೊದಲು ಅದೇ ಪ್ರಶ್ನೆ. ಯಾವ ಜನಕ್ಕೆ ಶ್ರೀಮಂತರಿರಲಿಲ್ಲವೋ, ಪೇಟೆಯಲ್ಲಿ ಮನೆಗಳಿರಲಿಲ್ಲವೋ, ಅವರ ಮಕ್ಕಳು ಎಲ್ಲಿಗೆ ಹೋಗಬೇಕಿತ್ತು? ನಮ್ಮನ್ನು ಬೆಳೆಸಿದ ವ್ಯವಸ್ಥೆಯೇ ಆ ಪ್ರಶ್ನೆಯನ್ನೂ ನಮ್ಮ ಬಾಯಿಗೆ ಇಟ್ಟಿದೆ.

ದೂರದ ಷಿಕಾಗೋದಲ್ಲಿ 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಅನ್ನೋ ಇಬ್ಬರು ಗೆಳತಿಯರು ಹಲ್ ಹೌಸ್ ತೆರೆದರು. ಇಟಲಿ, ಗ್ರೀಸ್‌ನಿಂದ ವಲಸೆ ಬಂದ ಬಡವರ ಬೀದಿಗೇ ಹೋಗಿ ವಾಸ ಮಾಡಿದರು. ಶಿಶುವಿಹಾರ, ಕೂಲಿಕಾರರಿಗೆ ಸಂಜೆ ಕ್ಲಾಸು, ಎಲ್ಲಾ ನಡೆಸಿದರು. ಆಡಮ್ಸ್‌ಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ನನಗೆ ಹಿಡಿಸಿದ್ದು ಅವರು ನೆರೆಯವರಾಗಿ ಹೋದರಲ್ಲ, ಅದು.

ನಮ್ಮ ಏರಿಯಾದಲ್ಲೂ ಯಾರನ್ನೂ ಏನೂ ಕೇಳದ ಬಾಗಿಲೊಂದಿದೆ: ಹಂಪಿನಗರದ ಸಾರ್ವಜನಿಕ ಗ್ರಂಥಾಲಯ. ಆಸ್ತಿ ತೆರಿಗೆ ಜೊತೆ ನಾವು ಕಟ್ಟುವ ಗ್ರಂಥಾಲಯ ಸೆಸ್ ಇಂಥ ಗ್ರಂಥಾಲಯಗಳಿಗೇ ಹೋಗೋದು, 1965ರ ಕಾಯ್ದೆಯ ಪ್ರಕಾರ. ಎರಡು ವಾರದ ನಂತರ ಆ ಹುಡುಗ ಅಲ್ಲೇ ಸಿಕ್ಕ. ನೋಟ್ಸ್ ಮೇಲೆ ಕೈಯಿಟ್ಟು ತೂಕಡಿಸ್ತಿದ್ದ. ಒಂದು ಕೋಣೆಯಲ್ಲಿ ಆರು ಜನರ ಪಿಜಿಯಂತೆ.

"ಅವತ್ತಿನದು ತಪ್ಪಾಯ್ತು, ರೂಮ್ ಇನ್ನೂ ಖಾಲಿ ಇದೆ" ಅಂದೆ. "ಪರವಾಗಿಲ್ರೀ ಅಣ್ಣ, ಅಡ್ವಾನ್ಸ್ ಕೊಟ್ಟೀನಿ" ಅಂದ. ನಿಜವೋ, ನಮ್ಮ ಮನೆ ಬೇಡವಾಗಿತ್ತೋ, ಕೇಳುವ ಹಕ್ಕು ನನಗಿರಲಿಲ್ಲ. "ಹಾಗಾದ್ರೆ ಭಾನುವಾರ ಊಟಕ್ಕಾದ್ರೂ ಬಾ" ಅಂದೆ.

ಮೊದಲ ಭಾನುವಾರ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೇ ವಾರ ಬಂದ, ಊರಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಅವತ್ತು ಪ್ರಶ್ನೆ ಕೇಳಿದ್ದ ನನ್ನ ರೂಮ್‌ಮೇಟೇ ಮುದ್ದೆ ಕಟ್ಟಿ ಬಡಿಸಿದ. ಕೇಳಿದ್ದು ಒಂದೇ: "ಇನ್ನೊಂದ್ ಹಾಕ್ಲಾ?"

ನಿಮ್ಮ ಬೀದಿಯ ಪಿಜಿಯಲ್ಲೂ ಇಂಥ ಒಬ್ಬ ಇರ್ತಾನೆ. ಛತ್ರ ಕಟ್ಟಿಸೋದು ನಮ್ಮ ನಿಮ್ಮ ಕೈಲಾಗಲ್ಲ. ವಾರಕ್ಕೊಂದು ಊಟ ಆಗುತ್ತೆ.