ಮೂರನೇ ಗಾಲಿ ಯಾರದು?

ನಲವತ್ತು ಲಕ್ಷದ ಬೈಕಿನ ವಿಡಿಯೋ ನೋಡಿ ನಿಟ್ಟುಸಿರು ಬಿಡುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಗೋಕಾಕದ ಚಹಾದಂಗಡಿಯಲ್ಲಿ ಕೂತು ಹೋಂಡಾ ಗೋಲ್ಡ್‌ವಿಂಗಿನ ಆರು ಸಿಲಿಂಡರು, 1833 ಸಿಸಿ ಇಂಜಿನು, ಸೋಫಾದಂಥ ಸೀಟು ಎಂದು ಅವರು ಬಾಯಿಪಾಠ ಒಪ್ಪಿಸುವುದು ಕೇಳಲು ಚಂದವೇ. ನನ್ನ ತಕರಾರು ಮುಂದಿನ ಮಾತಿಗೆ. ಅಂಥದೇ ಬೈಕಿಗೆ ಹಿಂದೆ ಎರಡು ಗಾಲಿ ಇದ್ದರೆ, ಅಂದರೆ ಹಾರ್ಲೆ ಡೇವಿಡ್‌ಸನ್ನಿನ ಟ್ರೈ ಗ್ಲೈಡಿನಂಥ ಮೂರು ಗಾಲಿಯ ಟೂರಿಂಗ್ ಬೈಕು ಮೊಬೈಲಿನಲ್ಲಿ ಬಂದರೆ, ಅವರಲ್ಲಿ ಎರಡು ಬಣವಾಗುತ್ತದೆ. ಒಂದು ಬಣ, "ರಾಜಾನ ಗಾಡಿ ನೋಡ್ರಿ ಸರ" ಅನ್ನುತ್ತದೆ. ಇನ್ನೊಂದು, "ಅದೇನ್ ಬೈಕ್ರಿ, ಮುದುಕರ್ದು, ಕುಂಟರ್ದು" ಅನ್ನುತ್ತದೆ. ಅಂದಮೇಲೆ ನನ್ನ ಕಾಲಿನ ಕಡೆ ನೋಡಿ ಸುಮ್ಮನಾಗುತ್ತದೆ.

ಎರಡೂ ಬಣಕ್ಕೆ ಉತ್ತರ ಹೇಳುವ ಅನುಭವ ನನಗಿದೆ. ಸಣ್ಣವನಿದ್ದಾಗಲೇ ಪೋಲಿಯೋದಿಂದ ಎಡಗಾಲು ಸೊರಗಿತು. ಹದಿನಾಲ್ಕು ವರ್ಷದಿಂದ ಸೈಡ್ ವೀಲ್ ಕೂರಿಸಿದ ಸ್ಕೂಟರಿನ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕು ತಿರುಗುತ್ತಿದ್ದೇನೆ. ಎಣಿಸಿದರೆ ಅದಕ್ಕಿರುವುದು ನಾಲ್ಕು ಗಾಲಿ. ಸಮಾರಂಭದ ಬ್ಯಾನರಿನಲ್ಲಿ ಮಾತ್ರ ‘ತ್ರಿಚಕ್ರ ವಾಹನ’. ಇರಲಿ.

ಮೂರು ಗಾಲಿಯ ಸುಖ ಏನೆಂದು ಎರಡು ಗಾಲಿಯವರಿಗೆ ಗೊತ್ತಿಲ್ಲ. ಗಾಡಿ ನಿಂತಾಗ ಕಾಲು ಊರಬೇಕಾಗಿಲ್ಲ, ಅಷ್ಟೇ. ಈ ‘ಅಷ್ಟೇ’ ಎಷ್ಟು ದೊಡ್ಡದೆಂದರೆ, ಮುಂದೆ ಕಬ್ಬಿನ ಟ್ರಾಕ್ಟರು ಎರಡು ಟ್ರೇಲರು ಎಳೆದುಕೊಂಡು ತಿರುವಿನಲ್ಲಿ ಸಿಕ್ಕಿಬಿದ್ದಾಗ ಉಳಿದವರೆಲ್ಲ ಕಾಲು ಬದಲಿಸುತ್ತ ಬೆವರುತ್ತಾರೆ, ನಾನು ಕುರ್ಚಿಯ ಮೇಲೆ ಕೂತಂತೆ ಕೂತಿರುತ್ತೇನೆ. ಕಾರಿನಲ್ಲಿ ಸಿಗದ ಗಾಳಿ, ಕಾಲುವೆ ದಂಡೆಯ ಹಸಿ ಮಣ್ಣಿನ ವಾಸನೆ, ಎಲ್ಲವೂ ಸಿಗುತ್ತದೆ. ಮೊಣಕಾಲು ಸೋತ ಅಮೆರಿಕದ ಅಜ್ಜ ಟ್ರೈ ಗ್ಲೈಡ್ ಕೊಳ್ಳುವುದು ಇದೇ ಸುಖಕ್ಕೆ. ಬೀಳುವ ಭಯವಿಲ್ಲದೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರೂರು ತಿರುಗಬಹುದು. ಅವನನ್ನು ನಾನು ಹಂಗಿಸುವುದಿಲ್ಲ. ‘ಮುದುಕರ ಗಾಡಿ’ ಎನ್ನುವವರು ಮುದುಕರಾಗದೆ ಇರುತ್ತಾರೆಯೇ?

ಆದರೆ ಈ ಹಂಗಿಸುವಿಕೆಗೆ ಬೆಲೆ ತೆರುವವರು ಬೇರೆ. ಹುಕ್ಕೇರಿ ಕಡೆಯ ನನ್ನ ಒಬ್ಬ ವಿದ್ಯಾರ್ಥಿನಿಗೆ ನನ್ನಂಥದೇ ಕಾಲು. ಸೈಡ್ ವೀಲ್ ಗಾಡಿ ಕೊಡಿಸುತ್ತೇವೆಂದು ಮನೆಯವರು ಎಷ್ಟು ಹೇಳಿದರೂ ಒಲ್ಲೆ ಎಂದಳು. "ಎಲ್ಲಾರೂ ನೋಡ್ತಾರ್ರಿ ಸರ" ಎಂಬುದೊಂದೇ ಕಾರಣ. ಟಂಟಂ ತುಂಬಿ ಹೋದ ದಿನ ಅವಳು ಕ್ಲಾಸಿಗಿಲ್ಲ.

ನಮ್ಮ ಮೂರು ತಾಲೂಕನ್ನು ದಿನವೂ ಹೊತ್ತು ತಿರುಗುವುದು ಆ ಟಂಟಮ್ಮೇ ತಾನೆ? ಕಬ್ಬು ಕಡಿಯಲು ಹೋಗುವ ಹೆಂಗಸರು, ಸಂತೆಯ ಕಾಯಿಪಲ್ಲೆ ಚೀಲ, ಬಸ್ಸು ತಪ್ಪಿದ ಹುಡುಗರು, ಎಲ್ಲರಿಗೂ ಮೂರೇ ಗಾಲಿ. ಹಾರ್ಲೆಯ ಮೂರು ಗಾಲಿಗೂ ಇಂಥದೇ ದುಡಿಮೆಯ ಇತಿಹಾಸವಿದೆ. 1932ರಲ್ಲಿ ಆ ಕಂಪನಿ ಸರ್ವಿ ಕಾರ್ ಎಂಬ ಮೂರು ಗಾಲಿಯ ಗಾಡಿ ತಂದದ್ದು ಗ್ಯಾರೇಜಿನವರಿಗಾಗಿ. ರಿಪೇರಿಯಾದ ಕಾರನ್ನು ಗಿರಾಕಿಯ ಮನೆಗೆ ಮುಟ್ಟಿಸಲು ಹೋಗುವಾಗ ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ, ಬರುವಾಗ ಅದನ್ನೇ ಹತ್ತಿ ಬರುವುದು. ಪೊಲೀಸರೂ ಬಳಸಿದರು, 1973ರ ತನಕ ತಯಾರಾಯಿತು. ದಿಲ್ಲಿಯಲ್ಲಿ ಎರಡನೇ ಮಹಾಯುದ್ಧದ ನಂತರ ಉಳಿದ ಹಾರ್ಲೆ ಬೈಕುಗಳ ಹಿಂದೆ ಸೀಟು ಕಟ್ಟಿ ‘ಫಟ್‌ಫಟಿ’ ಮಾಡಿದರು. ಹೊಗೆಯ ಕಾರಣಕ್ಕೆ 1990ರ ದಶಕದ ಕೊನೆಯಲ್ಲಿ ನಿಲ್ಲಿಸುವ ತನಕ ಅವು ಚಿಲ್ಲರೆ ದುಡ್ಡಿಗೆ ಜನರನ್ನು ಚಾಂದನಿ ಚೌಕದ ಕಡೆ ಮುಟ್ಟಿಸುತ್ತಿದ್ದವು. ಅಂದರೆ ಹಾರ್ಲೆಯೂ ಒಂದು ಕಾಲಕ್ಕೆ ನಮ್ಮಲ್ಲಿ ಟಂಟಂ ಆಗಿತ್ತು. ಟ್ರೈ ಗ್ಲೈಡ್ ಬಂದದ್ದು 2009ರ ಮಾದರಿಯಾಗಿ. ಗ್ಯಾರೇಜಿನವನ ಗಾಡಿ ಸಾಹುಕಾರನ ಗಾಡಿಯಾಯಿತು, ಹಾಡು ಕೇಳಲು ಸ್ಪೀಕರು ಬಂತು.

ರಾಜಾನ ಗಾಡಿ ಎಂದವರೂ ಕೇಳಿ. ಎರಡು ಗಾಲಿಯ ಬೈಕು ತಿರುವಿನಲ್ಲಿ ಒಳಗೆ ವಾಲುತ್ತದೆ, ನಿಮ್ಮ ಮೈ ಅದರ ಜೊತೆಗೇ ವಾಲುತ್ತದೆ. ಮೂರು ಗಾಲಿಯದು ವಾಲುವುದಿಲ್ಲ. ಗಾಡಿ ಒಂದು ಕಡೆ ತಿರುಗುತ್ತದೆ, ಮೈಯನ್ನು ಇನ್ನೊಂದು ಕಡೆ ಯಾರೋ ನೂಕಿದಂತಾಗುತ್ತದೆ. ಗೋಕಾಕ ಫಾಲ್ಸಿನ ಕಡೆ ಗುಡ್ಡದ ಬದಿಯ ತಿರುವುಗಳಲ್ಲಿ ನಾನು ಹ್ಯಾಂಡಲು ಬಿಗಿ ಹಿಡಿದು, ಸೊಂಟದಿಂದ ಮೇಲಿನ ಮೈಯನ್ನು ಒಳಗೆ ಎಳೆದುಕೊಳ್ಳುತ್ತೇನೆ. ಇನ್ನು ತಗ್ಗುಗಳು. ಎರಡು ಗಾಲಿಯವನು ಒಂದೇ ಗೆರೆ ಹುಡುಕಿದರೆ ಸಾಕು. ನಾನು ಒಟ್ಟಿಗೆ ಮೂರು ಗೆರೆ ಹುಡುಕಬೇಕು: ಮುಂದಿನದು ತಪ್ಪಿಸಿಕೊಂಡರೆ ಎಡಗಡೆಯದು ಇಳಿಯುತ್ತದೆ, ಎಡದ್ದು ಉಳಿದರೆ ಬಲದ್ದು. ಸಂಕೇಶ್ವರದ ಹೆದ್ದಾರಿಯ ಮೇಲೆ ಇದು ಗೊತ್ತೇ ಆಗುವುದಿಲ್ಲ. ಅಲ್ಲಿಂದ ಇಳಿದು ಹುಕ್ಕೇರಿ, ಘಟಪ್ರಭಾ ದಾಟಿ ಮೂಡಲಗಿಯ ಹಳ್ಳಿಗಳಿಗೆ ಹೋಗಿ ನೋಡಿ. ಟ್ರೈ ಗ್ಲೈಡ್ ನಾಲ್ಕೂವರೆ ಅಡಿ ಅಗಲ, ಐದೂವರೆ ಕ್ವಿಂಟಲಿಗೂ ಹೆಚ್ಚು ತೂಕ. ಕಾರಿನ ಹಾಗೆ ಜಾಗ ತಿನ್ನುತ್ತದೆ, ಕಾರಿನ ಹಾಗೆ ತಲೆಯ ಮೇಲೆ ತಗಡು ಕೊಡುವುದಿಲ್ಲ. ಕಬ್ಬಿನ ಹಂಗಾಮಿನ ರಾತ್ರಿ, ಹಿಂದೆ ದೀಪವಿಲ್ಲದ ಟ್ರೇಲರಿನ ಬೆನ್ನಿಗೆ ಅಂಥ ಗಾಡಿ ನಿಲ್ಲುವುದನ್ನು ನೆನೆಸಿಕೊಂಡರೇ ನನಗೆ ಆಗುವುದಿಲ್ಲ.

ಎರಡು ಗಾಲಿಯ ಗೋಲ್ಡ್‌ವಿಂಗ್ ಕೊಂಡು ಇಲ್ಲಿಯೇ ಮೂರು ಮಾಡಿಸಿದರಾಯಿತು ಎಂದು ಒಬ್ಬ ಹುಡುಗ ಹೇಳಿದ. ಅಮೆರಿಕದಲ್ಲಿ ಹಾಗೆ ಮಾಡಿಕೊಡುವವರಿದ್ದಾರೆ, ನಿಜ. ಇಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ: ಕಂಪನಿ ಮಾಡಿಕೊಟ್ಟ ರೂಪವನ್ನು ಮಾಲೀಕ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿಯಾಗಿ ಹೇಳಿತು. ಆದರೆ ಅದೇ ಕಲಮಿನಲ್ಲಿ ಒಂದು ಬಾಗಿಲು ತೆರೆದಿದೆ. ಅಂಗವಿಕಲರ ಬಳಕೆಗಾಗಿ, ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ಬದಲಿಸಬಹುದು. ಈ ದೇಶದ ಕಾನೂನಿನಲ್ಲಿ ಹೆಚ್ಚುವರಿ ಗಾಲಿ ಶೋಕಿಯ ವಸ್ತುವಲ್ಲ, ನನ್ನಂಥವರ ಹಕ್ಕು. ‘ಕುಂಟರ್ದು’ ಎಂದ ಹುಡುಗ ಹಂಗಿಸಲು ಹೋಗಿ ಕಾನೂನನ್ನೇ ಹೇಳಿದ್ದ, ಪಾಪ!

ಹಕ್ಕು ಇದ್ದೇನು? ಮೂರು ಗಾಲಿಯ ಬಗ್ಗೆ ದೊಡ್ಡ ದೊಡ್ಡ ಕಂಪನಿಗಳ ಇಂಜಿನಿಯರುಗಳು ಕೂತು ಯೋಚಿಸಿದ್ದೆಲ್ಲ ದುಡ್ಡಿದ್ದವನ ವಿಹಾರಕ್ಕೆ ಹೋಯಿತು. ನಮಗೆ ಬಂದದ್ದು, ಎರಡು ಗಾಲಿಗೆಂದು ಮಾಡಿದ ಸ್ಕೂಟರಿಗೆ ಹೊರಗಿನ ಅಂಗಡಿಯವನು ಕೂರಿಸುವ ಸೈಡ್ ವೀಲು. ಅದರ ಬೋಲ್ಟು ಸಡಿಲಾಗಿದೆಯೇ ಎಂದು ದಿನಾ ಬೆಳಿಗ್ಗೆ ಬಗ್ಗಿ ನೋಡುವವನು ನಾನೇ. ಗೋಲ್ಡ್‌ವಿಂಗ್ ಟೂರಿನ ಶೋರೂಮ್ ಬೆಲೆ 40 ಲಕ್ಷದ ಸಮೀಪ. ಸೈಡ್ ವೀಲ್ ಸ್ಕೂಟರು ಲಕ್ಷದ ಆಸುಪಾಸು. ಒಂದು ಹಳ್ಳಿಯ, ಹತ್ತು ಹಳ್ಳಿಯ ಲೆಕ್ಕ ನೀವೇ ಹಾಕಿ.

ನನಗೆ ಎಲ್ಲಕ್ಕಿಂತ ಉರಿಯುವುದು ರಿವರ್ಸ್ ಗೇರಿನ ಸಂಗತಿ. ಗೋಲ್ಡ್‌ವಿಂಗ್ ಟೂರಿಗೆ ರಿವರ್ಸ್ ಇದೆ, ಟ್ರೈ ಗ್ಲೈಡಿಗೂ ಇದೆ. ಎರಡು ಗಟ್ಟಿ ಕಾಲಿದ್ದವನಿಗೂ ಆ ಭಾರ ಹಿಂದಕ್ಕೆ ನೂಕಲಾಗದು ಎಂದು ಕಂಪನಿಯವರೇ ಯೋಚಿಸಿ ಕೊಟ್ಟಿದ್ದಾರೆ. ನನ್ನ ಸ್ಕೂಟರಿಗೆ ಇಲ್ಲ. ಹೆಚ್ಚಿನ ದುಡ್ಡು ಕೊಟ್ಟರೆ ಕೂರಿಸಿಕೊಡುವವರಿದ್ದಾರೆ, ಕಂಪನಿಯಿಂದ ಬರುವುದಿಲ್ಲ. ನೆಲಕ್ಕೆ ಕಾಲು ಊರಿ ಹಿಂದಕ್ಕೆ ನೂಕಲಾರದವನಿಗೆಂದೇ ಮಾಡಿದ ಗಾಡಿಗೆ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ! ಪೇಟೆಯ ಇಳಿಜಾರಿನಲ್ಲಿ ಮುಂದೆ ಕೈಗಾಡಿ, ಬದಿಗೆ ಟಂಟಂ ಬಂದು ನಿಂತಾಗ ಹೋಗುವವನೊಬ್ಬನನ್ನು ಕರೆಯುತ್ತೇನೆ: "ತಮ್ಮಾ, ಒಂಚೂರ ಹಿಂದ ಜಗ್ಗೋ." ಜಗ್ಗುತ್ತಾರೆ. ಇಷ್ಟು ವರ್ಷದಲ್ಲಿ ಯಾರೂ ಇಲ್ಲವೆಂದಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ಕೇಳಬೇಕು.