ಒಂದು ವರ್ಷಕ್ಕೆ ಹಳಸುವ ಫಿಸಿಕ್ಸು

ಮೊನ್ನೆ ಊರಿಗೆ ಹೋಗಿದ್ದಾಗ ತಂಗಿ ಕೇಳಿದಳು, "ಅಣ್ಣಾ, ಪಾಸಾದ್ರೂ ಒಂದು ವರ್ಷಕ್ಕೆ ಹಳಸಿ ಹೋಗೋ ಪರೀಕ್ಷೆ ಎಲ್ಲಾದ್ರೂ ಇರುತ್ತಾ?" ನಾನು ನಕ್ಕೆ. ಅವಳು ನಗಲಿಲ್ಲ.

ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದಾಳೆ, ಪಿಎಚ್‌ಡಿ ಮಾಡೋ ಆಸೆ. ಸಿಎಸ್‌ಐಆರ್-ಯುಜಿಸಿ ನೆಟ್ ಬರೆದಳು. 180 ನಿಮಿಷ, 200 ಅಂಕ, ಹೆಚ್ಚೆಂದರೆ 55 ಪ್ರಶ್ನೆಗೆ ಉತ್ತರ ಗುರುತಿಸಬೇಕು. ತಪ್ಪಾದರೆ ಕಾಲು ಭಾಗ ಅಂಕ ಕಟ್. 2024ರ ಜೂನ್ 25ಕ್ಕೆ ಶುರುವಾಗಬೇಕಿದ್ದ ಪರೀಕ್ಷೆಯನ್ನು ಜೂನ್ 21ರಂದು ಮುಂದೂಡಿದರು. ಕೊನೆಗೆ ನಡೆದದ್ದು ಜುಲೈ ಕೊನೆಯಲ್ಲಿ. ಅಂತೂ 'ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ' ಅನ್ನೋ ಮೂರನೇ ವರ್ಗದಲ್ಲಿ ಪಾಸಾದಳು. ಫೆಲೋಶಿಪ್ ಇಲ್ಲ, ಇರಲಿ. ಅರ್ಜಿ ಹಾಕಿದ ಕಡೆ ಆ ವರ್ಷ ಗೈಡ್ ಹತ್ತಿರ ಸೀಟು ಖಾಲಿ ಇರಲಿಲ್ಲ. ಸೀಟು ಖಾಲಿಯಾಗೋ ಹೊತ್ತಿಗೆ ಇವಳ ಅಂಕದ ಆಯಸ್ಸು ಮುಗಿದಿತ್ತು!

ಯುಜಿಸಿ ಈ ನಿಯಮ ತಂದದ್ದು 2024ರ ಮಾರ್ಚ್‌ನಲ್ಲಿ. ಒಂದೊಂದು ವಿಶ್ವವಿದ್ಯಾಲಯಕ್ಕೂ ಒಂದೊಂದು ಪ್ರವೇಶ ಪರೀಕ್ಷೆ ಬರೆಯೋ ಗೋಳು ತಪ್ಪಲಿ ಅಂತ. ಉದ್ದೇಶ ಒಳ್ಳೇದೇ, ನಾನು ಒಪ್ತೀನಿ. ಆದರೆ ಜೆಆರ್‌ಎಫ್ ಸಿಗದವರಿಗೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30 ಅಂತ ತೂಕ ಹಾಕಿದರಲ್ಲ, ತಕರಾರು ಅಲ್ಲಿದೆ.

ನಮ್ಮ ಆಫೀಸಿನಲ್ಲಿ ಆನ್‌ಲೈನ್ ಟೆಸ್ಟಿನಲ್ಲಿ ಪೂರ್ತಿ ಅಂಕ ತೆಗೆದು ಬಂದವನೊಬ್ಬ, ಮೊದಲ ಬಗ್ ಎದುರಾದಾಗ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅಲ್ಲಿ ನಾಲ್ಕು ಆಯ್ಕೆ ಇರಲ್ಲವಲ್ಲ! ಸಂಶೋಧನೆಯಲ್ಲಿ ಇರುತ್ತಾ? ತಂಗಿ ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಕೆಟ್ಟ ಉಪಕರಣವನ್ನು ಮೂರು ವಾರ ಬಿಚ್ಚಿ ಜೋಡಿಸಿ ರೀಡಿಂಗ್ ತೆಗೆದಳು. ಆ ತಾಳ್ಮೆಗೆ 55 ಪ್ರಶ್ನೆಯಲ್ಲಿ ಎಷ್ಟು ಅಂಕ? ಸೊನ್ನೆ.

ಇನ್ನು ಭಾಷೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. "ಎಂಎಸ್ಸಿ ಓದಿದ್ದೇ ಇಂಗ್ಲಿಷಲ್ಲಿ ತಾನೇ, ಕನ್ನಡ ಯಾಕೆ?" ಅಂತೀರಾ? ಸರಿ ಸ್ವಾಮಿ, ಹಾಗಾದ್ರೆ ಹಿಂದಿ ಯಾಕೆ?

ತಮಾಷೆ ಏನು ಗೊತ್ತಾ? ಗೇಟ್ ಅಂಕ ಮೂರು ವರ್ಷ ಬಾಳುತ್ತೆ. ಗೇಟ್‌ನಲ್ಲೂ ಫಿಸಿಕ್ಸ್ ಪತ್ರಿಕೆ ಇದೆ. ಅದೇ ಕ್ವಾಂಟಂ ಮೆಕ್ಯಾನಿಕ್ಸ್ ಅಲ್ಲಿ ಮೂರು ವರ್ಷ ಕೆಡಲ್ಲ, ಇಲ್ಲಿ ಒಂದೇ ವರ್ಷಕ್ಕೆ ಹಳಸುತ್ತೆ!

ಪರೀಕ್ಷೆಯೇ ಬೇಡ ಅನ್ನುತ್ತಿಲ್ಲ. ಅದು ಹೊಸ್ತಿಲಾಗಿರಲಿ, ತಕ್ಕಡಿ ಆಗೋದು ಬೇಡ. ಹೊಸ್ತಿಲು ದಾಟಿದವರನ್ನು ಗೈಡ್‌ಗಳೇ ಕೂರಿಸಿಕೊಂಡು ಮಾತಾಡಿಸಲಿ, ಮಾಡಿದ ಕೆಲಸ ನೋಡಲಿ. ಅಂಕ ಕನಿಷ್ಠ ಮೂರು ವರ್ಷ ನಡೆಯಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದುಡ್ಡೂ ಬೇಡ. ಒಂದು ಸುತ್ತೋಲೆ ಸಾಕು.

ತಂಗಿ ಮತ್ತೆ ಅರ್ಜಿ ತುಂಬಿದ್ದಾಳೆ. ಅಪ್ಪ ಗಂಡು ಹುಡುಕೋ ಮಾತೆತ್ತಿದ್ದಾರೆ. ಅವಳ ಹತ್ತಿರ ಇನ್ನೆಷ್ಟು ವರ್ಷ ಇದೆ ಅಂತ ಸುತ್ತೋಲೆ ಬರೆಯೋರಿಗೆ ಗೊತ್ತಾ? ನಿಮ್ಮ ಮನೆಯಲ್ಲೂ ಇಂಥ ತಂಗಿ ಇದ್ದರೆ ಹೇಳಿ.